"ಹೌದಾ?" ಅಂದರೆ ಸಾಕು

ಮೊನ್ನೆ ರಾತ್ರಿ ಊಟಕ್ಕೆ ತಟ್ಟೆ ಇಡುವ ಹೊತ್ತಿಗೆ ಮಗಳು ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದಳು. ಎಂಟಕ್ಕೆ ಏಳು ಕೂಡಬೇಕಿತ್ತು. ಎಂಟನ್ನು ತಲೆಯಲ್ಲಿ ಇಟ್ಟುಕೊಂಡು ಏಳು ಬೆರಳು ಒಂದೊಂದಾಗಿ ಮಡಚಿ, ತುಟಿ ಕುಣಿಸುತ್ತಾ ಎಣಿಸಿ, "ಹದಿನೈದು" ಅಂದಳು. ನಾನು ಮೊಬೈಲಿನಲ್ಲಿ ಏನೋ ಓದುತ್ತಿದ್ದವನು ತಲೆ ಎತ್ತದೆ "ಹೌದಾ?" ಅಂದೆ. "ಅಲ್ಲ, ಹದಿನಾಲ್ಕು" ಅಂತ ಉತ್ತರ ಬಂತು, ಒಂದು ಕ್ಷಣವೂ ತಡವಿಲ್ಲದೆ. ಆಗ ತಲೆ ಎತ್ತಿದೆ. ಏಳು ಬೆರಳು ಮಡಚಿದ್ದು ಮಡಚಿದ ಹಾಗೇ ಇತ್ತು. ಅವಳು ಬೆರಳಿನ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ನಾನು ಇನ್ನೂ ಸುಮ್ಮನೆ ಇದ್ದದ್ದು ಕಂಡು "ಹದಿನಾರಾ?" ಅಂತ ಇನ್ನೊಂದು ಬಿಟ್ಟಳು. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವ ಹಾಗೆ ಹದಿನೈದರ ಆಚೆ ಈಚೆ ಓಡಾಡುತ್ತಿದ್ದಳು, ನಾನು ಎಲ್ಲಿ ತಲೆಯಾಡಿಸುತ್ತೇನೆ ಅಂತ ಕಾಯುತ್ತಾ.

ಆರೂವರೆ ವರ್ಷದ ಹುಡುಗಿ. ಕೂಡುವುದು ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಅದಕ್ಕಿಂತ ಚೆನ್ನಾಗಿ ಬರುವುದು ಅಪ್ಪನ ಮುಖ ಓದುವುದು. ಅದನ್ನು ಯಾವ ಸ್ಕೂಲಿನಲ್ಲೂ ಹೇಳಿಕೊಟ್ಟಿಲ್ಲ, ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೊಂದು ಕಾಲಮ್ಮೂ ಇಲ್ಲ.

ಯೋಚಿಸಿದರೆ "ಹೌದಾ?" ಎಷ್ಟು ಪಾಪದ ಮಾತು. ದೊಡ್ಡವರ ನಡುವೆ ಅದು ಪ್ರಶ್ನೆಯೇ ಅಲ್ಲ. ಪಕ್ಕದ ಮನೆಯವರು ಯಾರದೋ ಮದುವೆ ಮುರಿದ ಕತೆ ಹೇಳುವಾಗ ನಾವು ನಡುನಡುವೆ ಹಾಕುವ "ಹೌದಾ?"ಗೆ "ಹೇಳಿ, ಕೇಳ್ತಾ ಇದ್ದೀನಿ" ಅಂತ ಅರ್ಥ. ಹೂಂಗುಟ್ಟುವುದರ ಅಣ್ಣ ಅಷ್ಟೇ. ಅದೇ ಮಾತು ದೊಡ್ಡವರ ಬಾಯಿಂದ ಮಗುವಿನ ಕಡೆ ಹೋದಾಗ ಮಾತ್ರ ಅರ್ಥ ತಿರುಗಿಕೊಳ್ಳುತ್ತದೆ: "ನೀನು ಹೇಳಿದ್ದು ತಪ್ಪು, ಬೇರೆ ಹೇಳು." ನಾನು ಹಾಗೆ ಅಂದುಕೊಂಡಿರಲಿಲ್ಲ. ಅವಳಿಗೆ ಹಾಗೇ ಕೇಳಿಸಿತು. ಇಷ್ಟು ವರ್ಷದಲ್ಲಿ ಎಷ್ಟು ಸಲ ತಪ್ಪು ಹೇಳಿದಾಗಷ್ಟೇ "ಹೌದಾ?" ಅಂದಿರಬಹುದು, ಸರಿ ಹೇಳಿದಾಗ "ಹೂಂ, ಮುಂದೆ" ಅಂದಿರಬಹುದು ಅಂತ ಲೆಕ್ಕ ಹಾಕತೊಡಗಿದೆ. ಊಟ ತಣ್ಣಗಾಯಿತು.

ತೊಂಬತ್ತಾರು

ಈ ವಿದ್ಯೆ ನನಗೂ ಬರುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ನಮ್ಮ ಮೇಷ್ಟ್ರು ಮಗ್ಗಿ ಕೇಳುವಾಗ ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ಹಾಗಾಗಿ ಮುಖ ಸಿಗುತ್ತಿರಲಿಲ್ಲ. ನಾವು ಓದುತ್ತಿದ್ದದ್ದು ಬೆತ್ತ ಹಿಡಿದ ಕೈಯನ್ನು. "ಹನ್ನೆರಡೆಂಟ್ಲ?" ಅಂತ ಕೇಳಿದರು. "ತೊಂಬತ್ತಾರು ಸಾರ್" ಅಂದೆ. ಬೆತ್ತ ಸ್ವಲ್ಪ ಅಲುಗಿತು. "ಹೌದೇನೋ?" ಅಂದರು. "ಅಲ್ಲ ಸಾರ್, ತೊಂಬತ್ನಾಲ್ಕು" ಅಂದೆ. ತಿರುಗಿ ನೋಡಿದರು. "ಸರಿಯಾಗೇ ಹೇಳಿದ್ಯಲ್ಲೋ ಕತ್ತೆ, ಯಾಕೆ ಬದಲಾಯಿಸ್ದೆ?" ಅಂತ ಅಂಗೈ ಮೇಲೆ ಒಂದು ಬಿಟ್ಟರು. ಹಿಂದಿನ ಬೆಂಚಿನವರೆಲ್ಲ ನಕ್ಕರು. ಅವರಲ್ಲಿ ಯಾರನ್ನು ಎಬ್ಬಿಸಿದ್ದರೂ ಅದನ್ನೇ ಮಾಡುತ್ತಿದ್ದರು ಅನ್ನುವುದು ಅವರಿಗೂ ಗೊತ್ತು. ಅವರು ಕೆಟ್ಟ ಮೇಷ್ಟ್ರೇನಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿಸಲು ನಮ್ಮನ್ನು ಹೆಗಲ ಮೇಲೆ ಹೊತ್ತವರು. ಧೈರ್ಯವಾಗಿ ನಿಲ್ಲುವುದನ್ನು ಕಲಿಸಬೇಕು ಅಂತಲೇ ಹೊಡೆದಿರಬೇಕು. ನಾನು ಕಲಿತದ್ದು ಮಾತ್ರ ಬೇರೆ. ಮುಂದಿನ ಸಲದಿಂದ ಉತ್ತರವನ್ನೇ ತಡಮಾಡಿ, ಬೇರೆ ಯಾರಾದರೂ ಮೊದಲು ಹೇಳುವ ತನಕ ಬಾಯಿ ಮುಚ್ಚಿಕೊಂಡಿರುವುದು.

ಮಜ್ಜಿಗೆಯ ಪ್ರಯೋಗ

ಮಗಳಿಗೆ ಐದು ತುಂಬಿದಾಗ ನಾನೊಂದು ದೊಡ್ಡಸ್ತಿಕೆ ತೋರಿಸಲು ಹೋಗಿದ್ದೆ. ಮಕ್ಕಳ ಮನಸ್ಸಿನ ಬಗ್ಗೆ ನಾಲ್ಕು ಪುಟ ಓದಿದವರೆಲ್ಲ ಮಾಡುವ ಪ್ರಯೋಗ ಅದು. ಒಂದೇ ಅಳತೆಯ ಎರಡು ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತುಂಬಿ, "ಎರಡರಲ್ಲೂ ಒಂದೇ ಸಮ ಇದೆಯಾ?" ಅಂತ ಕೇಳಿದೆ. "ಹೂಂ" ಅಂದಳು. ಅವಳ ಕಣ್ಣೆದುರಿಗೇ ಒಂದು ಲೋಟದ ಮಜ್ಜಿಗೆಯನ್ನು ಉದ್ದನೆಯ ಕಿರಿದಾದ ಲೋಟಕ್ಕೆ ಸುರಿದೆ. "ಈಗ?" ಅಂದೆ. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು, "ಉದ್ದದ್ದರಲ್ಲಿ ಜಾಸ್ತಿ" ಅಂದಳು. ಹೆಂಡತಿಯ ಕಡೆ ತಿರುಗಿ ನಾನು ಹೆಮ್ಮೆಯಿಂದ "ನೋಡು, ಪಿಯಾಜೆ ಹೇಳಿದ್ದು ಸರಿ" ಅಂದೆ. ಅವಳು ಕುಕ್ಕರಿನ ಸೀಟಿ ಎಣಿಸುತ್ತಿದ್ದಳು.

ಪಿಯಾಜೆ ಅಂದರೆ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ, ಆಕಾರ ಬದಲಾದರೂ ಅಳತೆ ಬದಲಾಗುವುದಿಲ್ಲ ಅನ್ನುವುದು ಸಣ್ಣ ಮಕ್ಕಳಿಗೆ ಇನ್ನೂ ಹೊಳೆದಿರುವುದಿಲ್ಲ ಅಂದ ಮನೋವಿಜ್ಞಾನಿ. ಅವರ ಕತೆಯಲ್ಲಿ ನನಗೆ ಇಷ್ಟವಾಗುವುದು ಲೋಟಗಳಲ್ಲ, ಅವರು ಈ ದಾರಿಗೆ ಬಂದ ರೀತಿ. ಬಸವನ ಹುಳುಗಳನ್ನು ಅಧ್ಯಯನ ಮಾಡುತ್ತಿದ್ದ ಮನುಷ್ಯ. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿಗೆ ಹೋಗಿ, ಬುದ್ಧಿಮಾಪನ ಪರೀಕ್ಷೆಗಳ ಆಲ್ಫ್ರೆಡ್ ಬಿನೆ ಕಟ್ಟಿದ್ದ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದರು. ಇಂಗ್ಲಿಷಿನ ಪರೀಕ್ಷೆಯೊಂದನ್ನು ಫ್ರೆಂಚ್ ಮಕ್ಕಳಿಗೆ ಒಗ್ಗಿಸಿ, ಎಷ್ಟು ಸರಿ ಎಷ್ಟು ತಪ್ಪು ಅಂತ ಎಣಿಸುವುದು ಅವರ ಕೆಲಸ. ಗುಮಾಸ್ತಿಕೆ ಅಂದರೂ ನಡೆದೀತು. ಎಣಿಸುತ್ತಾ ಕೂತವರಿಗೆ ಸರಿ ಉತ್ತರಗಳು ಬೇಸರ ತರಿಸಿದವು, ತಪ್ಪು ಉತ್ತರಗಳು ಹಿಡಿದು ನಿಲ್ಲಿಸಿದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಗೊತ್ತಿಲ್ಲದೆ ಬಾಯಿಗೆ ಬಂದದ್ದು ಹೇಳಿದ್ದಾದರೆ ತಪ್ಪುಗಳು ದಿಕ್ಕಾಪಾಲಾಗಿ ಬೀಳಬೇಕಿತ್ತಲ್ಲ? ಹಾಗೆ ಬೀಳಲಿಲ್ಲ. ಮಗುವಿನ ತಪ್ಪಿನ ಹಿಂದೆ ಅದರದೇ ಒಂದು ತರ್ಕವಿದೆ ಅನ್ನುವ ಹುಳ ಅವರ ತಲೆಗೆ ಹೊಕ್ಕಿದ್ದು ಅಲ್ಲಿ. ಆಮೇಲೆ ತಮ್ಮದೇ ಮೂರು ಮಕ್ಕಳ ಎದುರು ವರ್ಷಗಟ್ಟಲೆ ನೋಟ್ ಪುಸ್ತಕ ಹಿಡಿದು ಕೂತರು.

ಅಂಥವರ ಲೋಟದಂಥ ಪ್ರಯೋಗಗಳಿಗೇ 1974ರಲ್ಲಿ ಒಂದು ತಕರಾರು ಎದ್ದಿತು. ಸೂಸನ್ ರೋಸ್, ಮೇರಿಯನ್ ಬ್ಲಾಂಕ್ ಅನ್ನುವ ಇಬ್ಬರು ಕೇಳಿದ್ದು ಸರಳ: ಒಂದೇ ಪ್ರಶ್ನೆಯನ್ನು ಎರಡು ಸಲ ಯಾಕೆ ಕೇಳುತ್ತೀರಿ? ಅವರು ಮೊದಲ ಪ್ರಶ್ನೆಯನ್ನು ಕೈಬಿಟ್ಟರು. ಲೋಟದ ಬದಲು ಸಮಸಂಖ್ಯೆಯ ವಸ್ತುಗಳ ಎರಡು ಸಾಲು ಇಟ್ಟು, ಜೋಡಿಸಿದ್ದನ್ನು ಬದಲಾಯಿಸಿದ ಮೇಲೆ ಮಾತ್ರ ಒಂದು ಸಲ ಕೇಳಿದರು. ಆಗ ಆರು ವರ್ಷದ ಆಸುಪಾಸಿನ ಮಕ್ಕಳಲ್ಲಿ ಸರಿ ಹೇಳುವವರು ಹೆಚ್ಚಾದರು. ಅದೇ ಹೊತ್ತಿಗೆ ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಒಂದು ತುಂಟ ಗೊಂಬೆ ಕರಡಿಯನ್ನು ತಂದರು. ಸಾಲಾಗಿ ಜೋಡಿಸಿದ್ದನ್ನು ದೊಡ್ಡವರು ಕೆದರುವುದರ ಬದಲು ಕರಡಿ ಬಂದು ಕೆದರಿ "ಹಾಳು" ಮಾಡುತ್ತದೆ. ಆಗಲೂ ಅಷ್ಟೆ, ಇನ್ನೂ ಸಮ ಇದೆ ಅನ್ನುವ ಮಕ್ಕಳು ಬಹಳ ಹೆಚ್ಚು. ದೊಡ್ಡವರೊಬ್ಬರು ಗಂಭೀರವಾಗಿ ಏನೋ ಮಾಡಿ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಮೊದಲ ಉತ್ತರ ಇವರಿಗೆ ಹಿಡಿಸಲಿಲ್ಲ ಅಂತಲೇ ಮಗು ತಿಳಿಯುತ್ತದೆ. ತಿಳಿಯದೆ ಏನು ಮಾಡೀತು? ಹನ್ನೆರಡೆಂಟ್ಲ ಕೇಳಿಸಿಕೊಂಡವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಪಿಯಾಜೆ ಸೋತರು ಅಂತ ನಾನು ಡಂಗುರ ಸಾರಲಾರೆ. ಕರಡಿಯ ಪ್ರಯೋಗದ ಮೇಲೂ ಆಮೇಲೆ ಪ್ರಶ್ನೆಗಳೆದ್ದವು. ಕೆದರುವ ಕರಡಿಯನ್ನು ನೋಡುವ ಗಡಿಬಿಡಿಯಲ್ಲಿ ಮಕ್ಕಳು ಸಾಲನ್ನೇ ಗಮನಿಸಲಿಲ್ಲವೇನೋ ಅಂತ. ನಮ್ಮ ಮನೆಯಲ್ಲೂ ಪಿಯಾಜೆ ಗೆದ್ದದ್ದುಂಟು. ಮಜ್ಜಿಗೆಯ ಪ್ರಸಂಗವಾಗಿ ಒಂದು ವಾರಕ್ಕೆ ರಾಮನವಮಿ ಬಂತು. ಪಾನಕ ಹಂಚುವಾಗ ಮಗಳು ಉದ್ದ ಲೋಟವೇ ಬೇಕು ಅಂತ ನೆಲಕ್ಕೆ ಬಿದ್ದು ಹಟ ಮಾಡಿದಳು. ಅಲ್ಲಿ ಯಾರೂ ಯಾವ ಪ್ರಶ್ನೆಯನ್ನೂ ಎರಡು ಸಲ ಕೇಳಿರಲಿಲ್ಲ.

ಯಾರೂ ಹೇಳಿಕೊಡದ ತಪ್ಪು

ಮೂರು ವರ್ಷದವಳಿದ್ದಾಗ ಅವಳಿಗೆ ನನ್ನ ಮುಖದ ಹಂಗಿರಲಿಲ್ಲ. ಎತ್ತಿಕೊಂಡಿದ್ದಾಗ ಕಾಲು ಝಾಡಿಸಿ "ಅಪ್ಪಾ, ನನ್ನ ಇಳಿ! ನನ್ನ ಇಳಿ!" ಅಂತ ಕೂಗುತ್ತಿದ್ದಳು. ಗೊಂಬೆಯನ್ನು ಕೈಗೆ ಕೊಟ್ಟು "ಇವಳನ್ನ ಕೂರು" ಅನ್ನುತ್ತಿದ್ದಳು. ಇಳಿಸು, ಕೂರಿಸು ಅನ್ನಬೇಕು ಅಂತ ನಾವು ಹೇಳಿಕೊಟ್ಟೆವು, ಪ್ರಯೋಜನವಾಗಲಿಲ್ಲ. ಆಗ ಅದನ್ನು ಮುದ್ದುಮಾತು ಅಂತ ಬಂಧುಗಳ ಎದುರು ಹೇಳಿಕೊಂಡು ನಗುತ್ತಿದ್ದೆವು. ಈ ಮುದ್ದುಮಾತನ್ನು ಗಂಭೀರವಾಗಿ ತೆಗೆದುಕೊಂಡವರೂ ಇದ್ದಾರೆ ಅಂತ ಗೊತ್ತಾದದ್ದು ಬಹಳ ಆಮೇಲೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಅನ್ನುವ ಅಮೆರಿಕದ ಮೂವರು ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳ ಮುಂದೆ ಆಟಿಕೆ ಪ್ರಾಣಿಗಳನ್ನಿಟ್ಟು, ವಾಕ್ಯ ಹೇಳಿ, ಹಾಗೇ ಆಡಿ ತೋರಿಸು ಅಂದರು. 2003ರಲ್ಲಿ ಅದನ್ನು ಪ್ರಕಟಿಸಿದರು. ಕನ್ನಡವೇ ಯಾಕೆ ಅಂದರೆ, ಒಬ್ಬರು ಇನ್ನೊಬ್ಬರಿಂದ ಮಾಡಿಸುವುದನ್ನು ನಮ್ಮ ಭಾಷೆ "ಇಸು" ಸೇರಿಸಿ ಅಚ್ಚುಕಟ್ಟಾಗಿ ತೋರಿಸುತ್ತದೆ. ಏರು, ಏರಿಸು. ಕುಣಿ, ಕುಣಿಸು. ಇಷ್ಟು ಸ್ಪಷ್ಟವಾದ ಗುರುತು ಕಿವಿಗೆ ಬೀಳುತ್ತಿರುವಾಗ ಮಕ್ಕಳು ಅದನ್ನೇ ಹಿಡಿಯುತ್ತಾರೆ ಅನ್ನಿಸುತ್ತದಲ್ಲ? ಅವರು ಹಿಡಿಯಲಿಲ್ಲ. ವಾಕ್ಯದಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸಿದರು. ಇಬ್ಬರಿದ್ದರೆ ಒಬ್ಬರು ಇನ್ನೊಬ್ಬರಿಗೆ ಏನೋ ಮಾಡಿದ್ದಾರೆ, ಒಬ್ಬರೇ ಇದ್ದರೆ ತಾವೇ ಮಾಡಿಕೊಂಡಿದ್ದಾರೆ. "ಇಸು" ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ.

"ಅಪ್ಪಾ, ನನ್ನ ಇಳಿ." ಅಪ್ಪ ಒಬ್ಬ, ನಾನೊಬ್ಬಳು. ಇಬ್ಬರಾದರು. ಇನ್ನು ಇಸು ಯಾಕೆ? ಅವಳ ಲೆಕ್ಕ ಅಷ್ಟು ಸ್ವಚ್ಛವಾಗಿತ್ತು. ನಾವ್ಯಾರೂ ಮನೆಯಲ್ಲಿ ಹಾಗೆ ಮಾತಾಡುವುದಿಲ್ಲ, ಅಂದಮೇಲೆ ಅದು ಕೇಳಿ ಕಲಿತದ್ದಲ್ಲ. "ತಿಂದೆ" ಅನ್ನುವುದನ್ನು ದಿನಕ್ಕೆ ಹತ್ತು ಸಲ ಕೇಳಿಯೂ "ತಿನ್ನಿದೆ" ಅನ್ನುತ್ತಿದ್ದಳು, "ನೋಡಿದೆ, ಮಾಡಿದೆ" ಇದ್ದ ಹಾಗೆ. ಹತ್ತತ್ತರ ಎಣಿಕೆಯಲ್ಲಿ ಎಪ್ಪತ್ತು, ಎಂಬತ್ತು ಆದಮೇಲೆ "ಒಂಬತ್ತು" ಅಂದು ಖುಷಿಯಿಂದ ನಿಲ್ಲಿಸುತ್ತಿದ್ದಳು. ಎಂಟರದ್ದು ಎಂಬತ್ತು ಆಗುವುದಾದರೆ ಮುಂದಿನದು ಒಂಬತ್ತೇ ತಾನೆ, ಬಾಲದಲ್ಲಿ ಬತ್ತು ಇದೆಯಲ್ಲ. ತೊಂಬತ್ತಿನ "ತ" ಎಲ್ಲಿಂದ ಉದುರಿತು ಅಂತ ಅವಳು ಕೇಳಿದ್ದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ನಂತರ ಯಾವತ್ತೋ "ಇಳಿಸು" ಬಂತು. ಯಾವತ್ತು ಅಂತ ನೆನಪಿಲ್ಲ. ಮೊದಲ ಹೆಜ್ಜೆಯ ತಾರೀಕು ಬರೆದಿಟ್ಟಿದ್ದೇವೆ, ಮೊದಲ ಹಲ್ಲಿನದ್ದೂ ಇದೆ. ಕೊನೆಯ "ನನ್ನ ಇಳಿ" ಯಾವಾಗ ಆಗಿಹೋಯಿತೋ ಗೊತ್ತಾಗಲಿಲ್ಲ.

ಕರ್ನಾಟಕದೊಳಗಿನ ಒಂಬತ್ತು

ಈಗಿನ ತಾಪತ್ರಯ ಅಕ್ಷರದ್ದು. ಊರಿನಲ್ಲಿ ಅಮ್ಮ ಗೋಡೆಯ ಕ್ಯಾಲೆಂಡರಿನಿಂದ ಮಗಳಿಗೆ ಕನ್ನಡದ ಅಂಕಿ ಕಲಿಸಿದ್ದರು. ಅದಾಗಿ ಸ್ವಲ್ಪ ದಿನಕ್ಕೆ ಶಾಲೆಯ ಪುಸ್ತಕ ತೆರೆದು ಅವಳು ಕೇಳಿದಳು, "ಅಪ್ಪಾ, ಕರ್ನಾಟಕದ ಮಧ್ಯ ಯಾಕೆ ಒಂಬತ್ತು ಇದೆ?" ನಾನು ಬಗ್ಗಿ ನೋಡಿದೆ. ಅರ್ಕಾವತ್ತು. ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ, ಅದು ಒಂಬತ್ತರ ಹಾಗಿದೆ ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. (ವಾಟ್ಸಾಪಿನಲ್ಲಿ, ಫ್ಲೆಕ್ಸುಗಳಲ್ಲಿ ನಿಜವಾಗಿಯೂ ಒಂಬತ್ತನ್ನೇ ಒತ್ತಿ "ಕನಾ೯ಟಕ" ಅಂತ ಬರೆಯುವ ದೊಡ್ಡವರಿದ್ದಾರೆ. ಅವರನ್ನು ಇಲ್ಲಿಯವರೆಗೆ ಬೈದುಕೊಂಡಿದ್ದೆ.) ಅದು ಒಂಬತ್ತಲ್ಲ, ರ್ ಅಂದೆ. "ಹಾಗಾದ್ರೆ ಕನಾರಟಕ" ಅಂದಳು. ಕಣ್ಣಿಗೆ ಕಾಣುವ ಕ್ರಮದಲ್ಲಿ ಓದಿದರೆ ಅದೇ ಸರಿ. ಬಾಯಲ್ಲಿ ಮೊದಲು ಬರುವ ರ್ ಕಾಗದದ ಮೇಲೆ ನಾ ಆದಮೇಲೆ ಕೂತಿದೆ. ಅವಳ ಮಟ್ಟಿಗೆ ತಪ್ಪು ಪುಸ್ತಕದ್ದು.

ಬೆಂಗಳೂರಿನ ಮಕ್ಕಳು ಕನ್ನಡ ಓದು ಕಲಿಯುವುದನ್ನು ಸೋನಾಲಿ ನಾಗ್ ಬಹಳ ವರ್ಷ ಗಮನಿಸಿ ಬರೆದಿದ್ದಾರೆ. ಇಪ್ಪತ್ತಾರು ಅಕ್ಷರದ ಭಾಷೆಗಳಲ್ಲಿ ಮೊದಲ ಒಂದೆರಡು ವರ್ಷಕ್ಕೆ ಮುಗಿದುಹೋಗುವ ಅಕ್ಷರ ಕಲಿಕೆ ನಮ್ಮಲ್ಲಿ ನಾಲ್ಕನೇ ಕ್ಲಾಸಿನವರೆಗೂ, ಅದರಾಚೆಗೂ ನಡೆಯುತ್ತಲೇ ಇರುತ್ತದೆ ಅನ್ನುವುದು ಅವರು ಕಂಡ ಮುಖ್ಯ ಸಂಗತಿ. ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ. 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೆ ಕಾಗುಣಿತವೇ ನಾನೂರು ದಾಟುತ್ತದೆ, ಒತ್ತಕ್ಷರ ಇನ್ನೂ ಬಾಗಿಲಲ್ಲಿ ನಿಂತಿರುತ್ತದೆ. ಇದನ್ನು ಓದಿದ ದಿನ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಒಂದನೇ ಕ್ಲಾಸಿನ ಪೇರೆಂಟ್ಸ್ ಮೀಟಿಂಗಿನಲ್ಲಿ "ಕನ್ನಡದಲ್ಲಿ ಸ್ವಲ್ಪ ವೀಕ್" ಅಂತ ಕೇಳಿಸಿಕೊಂಡು ಬಂದಿದ್ದೆ.

ಇನ್ನೊಂದು ಆಟವನ್ನೂ ಆಡಿದೆ. "ಕಮಲ" ಅನ್ನುವುದರಿಂದ ಮೊದಲ ಸದ್ದು ತೆಗೆದು ಹೇಳು ಅಂದೆ. "ಮಲ" ಅಂದಳು, ಅರ್ಥ ಹೊಳೆದು ಬಿದ್ದು ಬಿದ್ದು ನಕ್ಕಳು. ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ಮಾರನೆಯ ದಿನ "ಕ್ ಮಾತ್ರ ತೆಗಿ, ಅಮಲ ಅಂತ ಉಳಿಯತ್ತಲ್ಲ" ಅಂದೆ. "ಅಮಲ ಅಂದ್ರೆ ಯಾರು?" ಅಂದಳು. ಅದೇ ಹುಡುಗಿ ಇಂಗ್ಲಿಷಿನ "ಕ್ಯಾಟ್"ನಿಂದ ಮೊದಲ ಸದ್ದು ತೆಗೆ ಅಂದರೆ "ಆ್ಯಟ್" ಅನ್ನುತ್ತಾಳೆ, ಫೋನಿಕ್ಸ್ ಕ್ಲಾಸಿನ ಕೃಪೆ. ಕನ್ನಡದಲ್ಲಿ ಅವಳಿಗೆ "ಕ" ಅನ್ನುವುದು ಒಡೆಯದ ಕಾಳು. ಅಮ್ಮನಿಗೆ ಫೋನಿನಲ್ಲಿ ಇದೇ ಪ್ರಶ್ನೆ ಕೇಳಿದೆ. "ಮಲ. ಯಾಕೋ, ಹೊಟ್ಟೆ ಸರಿ ಇಲ್ವಾ?" ಅಂದರು. ಅಂತ್ಯಾಕ್ಷರಿ ಆಡುವ ಭಾಷೆಯಲ್ಲಿ ಇದು ಸಹಜವೇ. ಹಾಗೆ ಒಡೆಯಲು ಕಿವಿ ಪಳಗಬೇಕು. ಹಳೆಯ ಕವಿಗಳಿಗೆ ಪಳಗಿತ್ತು, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಸ್ವರ ಯಾವುದೇ ಇರಲಿ, ವ್ಯಂಜನ ಮಾತ್ರ ಅದೇ ಬರುವ ಹಾಗೆ ಆದಿಪ್ರಾಸ ಹೊಂದಿಸುತ್ತಿದ್ದರು. ಆರೂವರೆ ವರ್ಷದವರಿಂದ ಅದನ್ನು ಬೇಡುವುದು ನನ್ನ ಹುಚ್ಚು.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ತಪ್ಪಿನಲ್ಲಿ ತರ್ಕವಿದೆ ಅಂತ ನಾನು ಮೆಚ್ಚಿಕೊಂಡು ಕೂತರೆ ಅರ್ಕಾವತ್ತು ತಾನಾಗಿ ಬರುವುದಿಲ್ಲ. ಮಾತು ಹಾಗೆ ಬರುತ್ತದೆ, ಬರಹ ಬರುವುದಿಲ್ಲ. "ಇಳಿಸು" ಕಲಿಸಲು ನಾವು ಪಟ್ಟ ಪಾಡೆಲ್ಲ ದಂಡ. ಕಾಗುಣಿತ ಮಾತ್ರ ತಿದ್ದಲೇಬೇಕು. ನನ್ನ ಕಾಲದಲ್ಲಿ ಸ್ಲೇಟು ಬಳಪ, ಈಗ ನಾಲ್ಕು ಗೆರೆಯ ಕಾಪಿ ಪುಸ್ತಕ. ಆ ಬೇಸರದ ಕೆಲಸಕ್ಕೆ ಬೇರೆ ದಾರಿ ನನಗಿನ್ನೂ ಕಂಡಿಲ್ಲ.

ಬಸ್ಸಿನ ಬೋರ್ಡು

ದಸರಾ ರಜೆಗೆ ಊರಿಗೆ ಹೋಗುವಾಗ ಶಿವಮೊಗ್ಗದ ತನಕ ರೈಲು. ನಮ್ಮನ್ನು ಕರೆದೊಯ್ಯಲು ಅಮ್ಮ ಅಲ್ಲಿಗೇ ಬಂದಿದ್ದರು, ಹಾಗೇ ಪೇಟೆಯ ಕೆಲಸವನ್ನೂ ಮುಗಿಸಿದ್ದರು. ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ನಾನು ನೀರಿನ ಬಾಟಲಿ ತರಲು ಹೋಗಿದ್ದೆ. ತಿರುಗಿ ಬರುವಾಗ ಒಂದು ಬಸ್ಸು ಒಳಗೆ ಬಂದು ನಿಲ್ಲುತ್ತಿತ್ತು. ಅಮ್ಮ ಕೈಚೀಲವನ್ನು ಎದೆಗವುಚಿಕೊಂಡು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. "ಏ ಪುಟ್ಟೀ, ನಂಗೆ ಕಾಣಲ್ಲ ಕಣೆ. ಯಾವೂರಿಂದು ನೋಡು ಬೇಗ."

ಮಗಳು ಓದಿದಳು. "ತೀ... ಥ... ತೀಥರಹಳ್ಳಿ."

ನನಗೆ ನಾಲಿಗೆಯ ತುದಿಗೆ "ಹೌದಾ?" ಬಂದಿತ್ತು. ಅಮ್ಮ ಅದಕ್ಕೆ ಅವಕಾಶ ಕೊಡಲಿಲ್ಲ. "ತೀಥರಹಳ್ಳಿನಾ? ಅದ್ಯಾವ ಊರೇ ಮಾರಾಯ್ತಿ, ನಾ ಕೇಳೇ ಇಲ್ಲ. ಸರಿ ನೋಡು, ಬಸ್ ಹೊರಟ್ರೆ ಇನ್ನು ಒಂದು ಗಂಟೆ ಇಲ್ಲೇ ಕೂರಬೇಕು."

ಈ ಸಲ ಮಗಳು ಯಾರ ಮುಖವನ್ನೂ ನೋಡಲಿಲ್ಲ. ಬೋರ್ಡನ್ನೇ ದಿಟ್ಟಿಸಿದಳು. ತುಟಿ ಕುಣಿಯಿತು. ಬೆರಳನ್ನು ಗಾಳಿಯಲ್ಲಿ ಎತ್ತಿ ಆ ಒಂಬತ್ತನ್ನು ಹಿಡಿದು ಹಿಂದಕ್ಕೆ ಎಳೆದಂತೆ ಮಾಡಿದಳು. "ತೀರ್... ಥ... ತೀರ್ಥಹಳ್ಳಿ! ಅಜ್ಜಿ, ನಮ್ಮೂರ್ದೇ!" ಕಿರುಚಿದ ರಭಸಕ್ಕೆ ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರು ತಿರುಗಿ ನೋಡಿದರು. ಅಮ್ಮ "ಹತ್ತು ಹತ್ತು" ಅಂತ ಅವಳನ್ನು ಮುಂದೆ ದೂಡಿದರು. ಶಭಾಷ್ ಅನ್ನಲಿಲ್ಲ, ಬೆನ್ನು ತಟ್ಟಲಿಲ್ಲ. ಕಿಟಕಿಯ ಸೀಟು ಹಿಡಿಯುವುದು ಮುಖ್ಯವಾಗಿತ್ತು.

ಅಮೆರಿಕದ ಶರ್ಲಿ ಬ್ರೈಸ್ ಹೀತ್ ಅನ್ನುವವರು 1970ರ ದಶಕದಲ್ಲಿ ಕೆರೊಲಿನಾದ ಬೆಟ್ಟದ ತಪ್ಪಲಿನ ಊರುಗಳಲ್ಲಿ, ಮನೆಯಲ್ಲಿ ಮಕ್ಕಳ ಜತೆ ಯಾರು ಹೇಗೆ ಮಾತಾಡುತ್ತಾರೆ ಅಂತ ವರ್ಷಗಟ್ಟಲೆ ಕೇಳಿಸಿಕೊಂಡಿದ್ದರು. ಅಲ್ಲಿನ ಕಪ್ಪು ಕಾರ್ಮಿಕರ ಒಂದು ಕೇರಿಯಲ್ಲಿ ದೊಡ್ಡವರು ತಮಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನು ಮಕ್ಕಳಿಗೆ ಕೇಳುವ ರೂಢಿಯೇ ಇರಲಿಲ್ಲ. ಆ ಮಕ್ಕಳು ಶಾಲೆಗೆ ಹೋಗಿ, ಟೀಚರ್ ಕಣ್ಣೆದುರಿಗಿರುವುದನ್ನೇ ತೋರಿಸಿ ಇದೇನು ಅಂತ ಕೇಳಿದಾಗ ತಬ್ಬಿಬ್ಬಾಗುತ್ತಿದ್ದರು. ಬಸ್ಸಿನಲ್ಲಿ ಕೂತು ನನಗೆ ಅದೇ ನೆನಪಾಗುತ್ತಿತ್ತು. ನಾನು ಮಗಳಿಗೆ ದಿನವಿಡೀ ಕೇಳುವುದೆಲ್ಲ ನನಗೆ ಗೊತ್ತಿರುವುದನ್ನೇ. ಅಮ್ಮ ಮಾತ್ರ ಗೊತ್ತಿಲ್ಲದ್ದನ್ನು ಕೇಳಿದರು, ಅದಕ್ಕೇ ಅವಳು ಬೋರ್ಡು ನೋಡಿದಳು ಅಂತ ಒಂದು ದೊಡ್ಡ ಸತ್ಯ ಸಿಕ್ಕಿದ ಹಾಗೆ ಕೂತಿದ್ದೆ.

ಬಸ್ಸು ಗಾಜನೂರು ದಾಟುವಾಗ ಕಂಡಕ್ಟರ್ ಚಿಲ್ಲರೆ ಕೊಟ್ಟ. ಅಮ್ಮ ಕೈಚೀಲದ ಜಿಪ್ ಎಳೆದು, ಎಲ್ಲಕ್ಕಿಂತ ಮೇಲೆಯೇ ಇದ್ದ ಕನ್ನಡಕ ತೆಗೆದು ಹಾಕಿಕೊಂಡು ನಾಣ್ಯ ಎಣಿಸತೊಡಗಿದರು.

"ಕನ್ನಡಕ ಇತ್ತಲ್ಲಮ್ಮ?" ಅಂದೆ.

"ಇತ್ತು" ಅಂದರು. ಎಣಿಕೆ ತಪ್ಪಿತು ಅಂತ ಗೊಣಗಿ, ಮತ್ತೆ ಮೊದಲಿಂದ ಶುರು ಮಾಡಿದರು.